ಅರ್ಧಕ್ಕೆ ನಿಂತ ಭಟ್ಟಿ

ಸಾಹಿತ್ಯ ಸಂಘದ ಪತ್ರಿಕೆಗೆ ಕುಂಬಾರಿಕೆಯ ಲೇಖನ ಯಾಕಪ್ಪಾ ಅಂತ ನೀವು ಕೇಳಬಹುದು. ಕೇಳಿ, ತಪ್ಪಿಲ್ಲ. ನಾನೂ ನಿಮ್ಮ ಹಾಗೆ ಕನ್ನಡ ಐಚ್ಛಿಕದ ಬೆಂಚಿನ ಮೇಲೆ ಕೂತವನೇ. ಹರಿಹರನ 'ಕುಂಬಾರ ಗುಂಡಯ್ಯನ ರಗಳೆ'ಯ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದು ಅಂಕ ಗಿಟ್ಟಿಸಿದವನೇ. ಗುಂಡಯ್ಯ ಗಡಿಗೆ ಬಾರಿಸಿದ, ಶಿವ ಕುಣಿದ ಎಂಬಷ್ಟು ಗೊತ್ತಿತ್ತು. ಆದರೆ ಗಡಿಗೆಯಿಂದ ನಾದ ಹೊರಡಬೇಕಾದರೆ ಅದು ಚೆನ್ನಾಗಿ ಬೆಂದಿರಬೇಕು, ಬೇಯದ ಗಡಿಗೆಯನ್ನು ತಟ್ಟಿದರೆ 'ಟಿಣ್' ಅನ್ನದೆ 'ಥಪ್' ಅನ್ನುತ್ತದೆ ಎಂಬುದು ನನಗೆ ತಿಳಿದದ್ದು ಕಾಲೇಜು ಬಿಟ್ಟು, ಊರು ಬಿಟ್ಟು, ಗುಜರಾತಿಗೆ ಬಂದ ಮೇಲೆ. ಆ ತಿಳಿವಳಿಕೆಗೆ ಮೂರು ಭರಣಿ ಬಲಿಯಾದವು. ಅದನ್ನೇ ಹೇಳಬೇಕೆಂದು ಕೂತಿದ್ದೇನೆ.

ಮಕರಪುರ ಅಂದರೆ ವಡೋದರಾದ ದಕ್ಷಿಣದ ಅಂಚು. 1870ರಲ್ಲಿ ಖಂಡೇರಾವ್ ಗಾಯಕವಾಡರು ಕಟ್ಟಿಸಿದ ಮಕರಪುರ ಅರಮನೆ ಇಲ್ಲೇ ಇದೆ. ಮುಂದೆ ಅದು ವಾಯುಪಡೆಯ ತರಬೇತಿ ಶಾಲೆಯಾಯಿತು. ಅರಮನೆಯ ಹೆಸರು ಹೊತ್ತ ಈ ಭಾಗದಲ್ಲಿ ಈಗ ಸದ್ದು ಮಾಡುವುದು ಕೈಗಾರಿಕಾ ವಸಾಹತಿನ ಲೇತುಗಳು, ಪ್ರೆಸ್ಸುಗಳು, ಲಾರಿಗಳು. ನಮ್ಮಣ್ಣ ಅಲ್ಲಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಕೆಲಸ ಹುಡುಕುತ್ತಾ ಅವನ ಮನೆ ಸೇರಿದ ನಾನು, ಕೆಲಸ ಸಿಗುವವರೆಗೆ ಎಂದು ಪಕ್ಕದ ಗಲ್ಲಿಯ ಪುಟ್ಟ ಕುಂಬಾರಿಕೆ ಶೆಡ್ಡಿಗೆ ಹೋಗಿ ಕೂರುತ್ತಿದ್ದೆ. ಶೆಡ್ಡಿನ ಯಜಮಾನರು ಕನ್ನಡದವರು, ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆಯವರು. ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಆ ಸೀಮೆಯ ಮಣ್ಣಿನ ಋಣ ಇವರನ್ನು ಇಲ್ಲಿಗೂ ಹಿಂಬಾಲಿಸಿದೆ. ಅವರನ್ನು ಎಲ್ಲರೂ 'ಕಾಕಾ' ಅನ್ನುತ್ತಾರೆ. ಬೆಳಗಾವಿ ಕನ್ನಡಕ್ಕೂ ಗುಜರಾತಿಗೂ ಆ ಮಾತು ಒಂದೇ, ಆದ್ದರಿಂದ ಯಾರಿಗೂ ತೊಂದರೆಯಿಲ್ಲ.

ಮಣ್ಣಿನ ಕೆಲಸಕ್ಕೆ ಈ ಊರಿನಲ್ಲಿ ಮರ್ಯಾದೆ ಇದೆ. 1949ರಲ್ಲಿ ಸ್ಥಾಪನೆಯಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದ ಲಲಿತಕಲಾ ವಿಭಾಗದಲ್ಲಿ ಜ್ಯೋತ್ಸ್ನಾ ಭಟ್ (1940–2020) ದಶಕಗಳ ಕಾಲ ಸೆರಾಮಿಕ್ಸ್ ಕಲಿಸಿದರು. ಅವರು ಮಾಡಿದ ಮಣ್ಣಿನ ಬೆಕ್ಕುಗಳು ಹೆಸರುವಾಸಿ. ನಮ್ಮ ಕಾಕಾ ಬೆಕ್ಕು ಮಾಡುವವರಲ್ಲ, ಭರಣಿ ಮಾಡುವವರು. ಮೇಲರ್ಧ ಕಂದು, ಕೆಳಗೆ ಕೆನೆಬಿಳಿ, ಅಜ್ಜಿಯ ಅಟ್ಟದ ಮೇಲೆ ನಾವೆಲ್ಲ ನೋಡಿದ ಅದೇ ಉಪ್ಪಿನಕಾಯಿ ಭರಣಿ. ಗುಜರಾತಿಯಲ್ಲಿ ಇದಕ್ಕೆ 'ಬರಣೀ' ಅನ್ನುತ್ತಾರೆ. ಪದ ಒಂದೇ, ಒಳಗಿನ ಮಾವಿನಕಾಯಿಯ ರುಚಿ ಮಾತ್ರ ಬೇರೆ.

ಮೂರು ವರ್ಷದ ಹಿಂದೆ, ಜೂನ್ ತಿಂಗಳ ಮೊದಲ ವಾರ. ಮನೆಯಲ್ಲೇ ಉಪ್ಪಿನಕಾಯಿ ಹಾಕಿ ಮಾರುವ ಒಬ್ಬ ಮಾಸಿ ಮೂವತ್ತು ಭರಣಿ ಕೇಳಿದ್ದರು. ಮಳೆ ಹಿಡಿಯುವ ಮುಂಚೆ ಮಾವಿನಕಾಯಿ ಉಪ್ಪಿಗೆ ಬೀಳಬೇಕು, ತಡವಾದರೆ ಆ ವರ್ಷದ ಸಂಪಾದನೆಯೇ ಹೋಯಿತು. ಒಡೆಯುವ ಬಿರಿಯುವ ಲೆಕ್ಕ ಹಿಡಿದು ಕಾಕಾ ಮೂವತ್ತಾರು ಮಾಡಿದ್ದರು. ಭಟ್ಟಿಯೊಳಗೆ ಮೂರು ಅಂತಸ್ತು, ಅಂತಸ್ತಿಗೆ ಹನ್ನೆರಡು. ಬೆಳಿಗ್ಗೆ ಐದಕ್ಕೆ ಕರೆಂಟು ಹಾಕಿದೆವು. ಮುಟ್ಟಬೇಕಾದ ಗುರಿ ಸುಮಾರು 1,220 ಡಿಗ್ರಿ. ಮಧ್ಯಾಹ್ನ ಕಾಕಾ ಯಾವುದೋ ಮದುವೆಗೆಂದು ಆಣಂದಕ್ಕೆ ಹೋದರು. "ಗಡಿಯಾರ ನೋಡ್ಕೊಂತ ಕೂಡು, ಬ್ಯಾರೆ ಏನೂ ಮಾಡಬ್ಯಾಡ" ಅಂದಿದ್ದರು. ಮೂರೂ ನಲವತ್ತಕ್ಕೆ ಧೂಳಿನ ಗಾಳಿ ಎದ್ದಿತು, ಎಲ್ಲೋ ಮರ ಬಿತ್ತು, ಕರೆಂಟು ಹೋಯಿತು. ಪೈರೋಮೀಟರ್ ಆಗ ತೋರಿಸುತ್ತಿದ್ದದ್ದು 1,140. ಗುರಿಗೆ ಇನ್ನು ಎಂಬತ್ತೇ ಡಿಗ್ರಿ!

ಇಲ್ಲಿ ಸ್ವಲ್ಪ ನಿಂತು, ಭಟ್ಟಿಯೊಳಗೆ ಏನು ನಡೆಯುತ್ತದೆ ಅನ್ನುವುದನ್ನು ಹೇಳಬೇಕು. ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಇಂಥ ಪಾತ್ರೆಯನ್ನು ಸಾಮಾನ್ಯವಾಗಿ ಎರಡು ಸಲ ಸುಡುತ್ತಾರೆ. ಮೊದಲ ಸಲ 900ರಿಂದ 1,000 ಡಿಗ್ರಿಯವರೆಗೆ. ಅದಕ್ಕೆ ಕಸುಬಿನವರು 'ಬಿಸ್ಕಿಟ್' ಅನ್ನುತ್ತಾರೆ. ಹಸಿಮಣ್ಣಿನ ನೀರೆಲ್ಲ ಹೋಗಿ, ಮಣ್ಣು ಮತ್ತೆ ಕರಗದಷ್ಟು ಗಟ್ಟಿಯಾಗುತ್ತದೆ. ಆದರೆ ನೀರು ಹೀರುವ ಗುಣ ಉಳಿದಿರುತ್ತದೆ. ಆಮೇಲೆ ಗ್ಲೇಜು ಹಚ್ಚುವುದು. ಗ್ಲೇಜು ಅಂದರೆ ಬಣ್ಣವಲ್ಲ, ನುಣ್ಣಗೆ ಅರೆದ ಕಲ್ಲಿನ ಪುಡಿ. ಬೆಣಚುಕಲ್ಲಿನ ಸಿಲಿಕಾ, ಚೀನಾ ಕ್ಲೇ, ಫೆಲ್ಡ್‌ಸ್ಪಾರ್, ಸೀಮೆಸುಣ್ಣ, ಸತುವಿನ ಆಕ್ಸೈಡ್, ಇವನ್ನೆಲ್ಲ ನೀರಿನಲ್ಲಿ ಕದಡಿದರೆ ಮಜ್ಜಿಗೆಯಂಥ ದ್ರವ. ಬಿಸ್ಕಿಟ್ ಪಾತ್ರೆಯನ್ನು ಅದರಲ್ಲಿ ಅದ್ದಿದರೆ ಪಾತ್ರೆ ನೀರನ್ನು ಹೀರಿಕೊಳ್ಳುತ್ತದೆ, ಪುಡಿ ಮೈಮೇಲೆ ಕೂರುತ್ತದೆ. ಎರಡನೇ ಸುಡುವಿಕೆಯಲ್ಲಿ ಆ ಪುಡಿ ಕರಗಿ ಗಾಜಾಗುತ್ತದೆ. ಸಿಲಿಕಾ ಒಂದೇ ಇದ್ದರೆ ಕರಗಲು 1,700 ಡಿಗ್ರಿ ದಾಟಬೇಕು. ಉಳಿದ ಪುಡಿಗಳು ಅದನ್ನು 1,200ರ ಸುತ್ತಮುತ್ತಲೇ ಕರಗಿಸಿ ಕೊಡುತ್ತವೆ. ಆ ಹೊತ್ತಿಗೆ ಪಾತ್ರೆಯ ಮಣ್ಣೂ ಒಳಗೊಳಗೆ ಬಿಗಿದುಕೊಂಡು ಕಲ್ಲಿನಂತಾಗಿರುತ್ತದೆ.

ಈ ಕರಗುವಿಕೆ ಮಂಜುಗಡ್ಡೆ ಕರಗಿದ ಹಾಗೆ ಒಂದು ಗೆರೆ ದಾಟಿದೊಡನೆ ಆಗುವಂಥದ್ದಲ್ಲ. ಸಕ್ಕರೆ ಪಾಕದಂತೆ, ಒಂದೆಳೆ, ಎರಡೆಳೆ ಅಂತ ಮೆಲ್ಲಗೆ ಬರುತ್ತದೆ. ಎಷ್ಟು ಕಾವು ಅನ್ನುವುದರ ಜೊತೆಗೆ ಎಷ್ಟು ಹೊತ್ತು ಅನ್ನುವುದೂ ಲೆಕ್ಕ. ಆದ್ದರಿಂದಲೇ ಬರೀ ಉಷ್ಣಮಾಪಕವನ್ನು ನಂಬದೆ ಕುಂಬಾರರು ಭಟ್ಟಿಯೊಳಗೆ ಸಾಕ್ಷಿ ಇಡುತ್ತಾರೆ. ಇಂಗ್ಲೆಂಡಿನ ಜೋಸಯ್ಯ ವೆಜ್‌ವುಡ್ 1782ರಲ್ಲಿ, ಮಣ್ಣಿನ ಚೂರು ಎಷ್ಟು ಕುಗ್ಗಿತು ಎಂದು ಅಳೆದು ಕಾವು ಹೇಳುವ ಉಪಾಯ ಮಾಡಿದ. ಜರ್ಮನಿಯ ಹರ್ಮನ್ ಸೆಗರ್ 1886ರಲ್ಲಿ, ಇಂತಿಷ್ಟು ಕಾವಿಗೆ ಬಾಗುವ ಪುಟ್ಟ ಮೂರುಮೂಲೆಯ ಗೋಪುರಗಳನ್ನು ಮಾಡಿದ. ಅಮೆರಿಕದ ಎಡ್ವರ್ಡ್ ಆರ್ಟನ್ 1896ರಿಂದ ಅದನ್ನೇ ತಯಾರಿಸತೊಡಗಿದ. ಇವೇ 'ಕೋನ್'ಗಳು. ನಮ್ಮ ಭಟ್ಟಿಯಲ್ಲಿ 5, 6, 7 ಎಂದು ಮೂರು ಕೋನ್ ಸಾಲಾಗಿ ನಿಂತಿರುತ್ತವೆ. ಐದನೆಯದು ಬಾಗಿದರೆ 'ಎಚ್ಚರ', ಆರನೆಯದು ಬಾಗಿದರೆ 'ಸಾಕು', ಏಳನೆಯದು ಬಾಗಿದರೆ 'ಕೆಟ್ಟೆ' ಎಂದು ಅರ್ಥ. ಅವತ್ತು ಕಪ್ಪು ಕನ್ನಡಕ ಹಾಕಿಕೊಂಡು ಕಿಂಡಿಯಲ್ಲಿ ಇಣುಕಿದಾಗ ಮೂರೂ ಸೆಟೆದು ನಿಂತಿದ್ದವು.

ಕಾಕಾಗೆ ಫೋನು ಮಾಡಿದೆ. ಅವರ ಮೊದಲ ಮಾತು, "ಮೇನ್ ಸ್ವಿಚ್ ಕೆಳಗ ಮಾಡಿದ್ಯಾ?"

ಮಾಡಿರಲಿಲ್ಲ. ಇದೇ ಮೊದಲ ಪಾಠ. ಕರೆಂಟು ಹೋದೊಡನೆ ಭಟ್ಟಿಯ ಮೇನ್ ಇಳಿಸಬೇಕು. ಇಲ್ಲದಿದ್ದರೆ ನಾವು ನಿದ್ದೆ ಹೋದಾಗ ಕರೆಂಟು ಬಂದು ಭಟ್ಟಿ ತಾನಾಗಿಯೇ ಏರತೊಡಗುತ್ತದೆ. ಕಾವಲಿಲ್ಲದ ಬೆಂಕಿ ಅದು. ಎರಡನೆಯದು, ಕಿಂಡಿಗೆ ಬಿರಡೆ ಹಾಕಿ ಇದ್ದ ಕಾವನ್ನು ಒಳಗೇ ಕಾಯುವುದು. ಅನ್ನ ಅರ್ಧ ಬೆಂದಾಗ ಸಿಲಿಂಡರ್ ಮುಗಿದರೆ ತಾಯಿ ಏನು ಮಾಡುತ್ತಾಳೆ? ಮುಚ್ಚಳ ತೆಗೆದು ನೋಡುತ್ತಾ ಕೂರುತ್ತಾಳೆಯೆ? ಮೂರನೆಯದು, ಎಷ್ಟು ಗಂಟೆಗೆ ಎಷ್ಟು ಡಿಗ್ರಿ ಎಂದು ಚೀಟಿಯಲ್ಲಿ ಬರೆಯುವುದು. ನಿಂತ ಭಟ್ಟಿಯನ್ನು ಉಳಿಸುವ ದೊಡ್ಡ ಔಷಧ ಆ ಚೀಟಿಯೇ ಎಂಬುದು ಆಮೇಲೆ ಗೊತ್ತಾಯಿತು.

ಕರೆಂಟು ಅರ್ಧ ಗಂಟೆಯಲ್ಲಿ ಬಂದಿದ್ದರೆ ಕಷ್ಟವೇ ಇರಲಿಲ್ಲ. ಭಟ್ಟಿ ಇನ್ನೂ ಕೆಂಡದಂತಿರುವಾಗ ನಿಂತಲ್ಲಿಂದಲೇ ಮುಂದುವರಿಸಬಹುದು. ಸ್ವಲ್ಪ ಹೊತ್ತು ಹೆಚ್ಚು ಹಿಡಿಯುತ್ತದೆ, ಅಷ್ಟೆ. ನಮಗೆ ಆ ಪುಣ್ಯ ಇರಲಿಲ್ಲ. ಸಂಜೆ ಆರಕ್ಕೆ 800 ಡಿಗ್ರಿ. ಕರೆಂಟು ಬಂದದ್ದು ರಾತ್ರಿ ಒಂಬತ್ತೂ ಇಪ್ಪತ್ತಕ್ಕೆ, ಆಗ 480. ಅದೂ ಪೂರ್ತಿ ಬರಲಿಲ್ಲ. ಮೂರು ಫೇಸಿನಲ್ಲಿ ಎರಡೇ ಇದ್ದವು. ಒಂದು ಫೇಸು ಸತ್ತರೆ ಭಟ್ಟಿಯ ಮೂರರಲ್ಲೊಂದು ಪಾಲು ಕಾಯಿಲ್ ತಣ್ಣಗಿರುತ್ತದೆ. ಮೊದಮೊದಲು ಕಾವು ಏರಿದಂತೆ ಕಂಡರೂ ಮೇಲೆ ಹೋಗುತ್ತಾ ಸುಸ್ತಾಗಿ ನಿಂತುಬಿಡುತ್ತದೆ. ಗಂಟೆಗಟ್ಟಲೆ ಕರೆಂಟು ಸುಡುತ್ತದೆ, ಗ್ಲೇಜು ಮಾತ್ರ ಕರಗುವುದಿಲ್ಲ. "ಹಂಗಾದ್ರ ಬಿಟ್ಟಬಿಡು. ತಣ್ಣಗಾಗ್ಲಿ. ಕೈಲೆ ಮುಟ್ಟೂ ಹಂಗ ಆಗೂತನಕ ಬಾಗಿಲಾ ತಗೀಬ್ಯಾಡ. ನಾ ಮುಂಜಾನೆ ಬರ್ತೀನಿ" ಅಂದರು ಕಾಕಾ.

ರಾತ್ರಿ ನಿದ್ದೆ ಬರಲಿಲ್ಲ. ಮಾಸಿಯ ಮಾವಿನಕಾಯಿ, ಕಾಕಾನ ಒಂದು ತಿಂಗಳ ಬೆವರು, ನನ್ನ ಕಾವಲು, ಎಲ್ಲ ಕಣ್ಣ ಮುಂದೆ. ಬೆಳಗಿನ ಜಾವ ಐದಕ್ಕೆ ಎದ್ದು ಹೋದೆ. ಪೈರೋಮೀಟರ್ 240 ತೋರಿಸುತ್ತಿತ್ತು. ಸಾವಿರದ ಮುಂದೆ ಇನ್ನೂರ ನಲವತ್ತು ಯಾವ ಲೆಕ್ಕ ಅನ್ನಿಸಿತು. ಚಿಲಕ ತೆಗೆದು ಬಾಗಿಲನ್ನು ಒಂದು ಗೇಣು ಸರಿಸಿದೆ. ತಂಪು ಗಾಳಿ ಒಳಗೆ ನುಗ್ಗಿತು. ಒಂದು ನಿಮಿಷ ಏನೂ ಇಲ್ಲ. ಆಮೇಲೆ 'ಟಿಣ್' ಅಂತು. ಮತ್ತೆ 'ಟಿಣ್'. ಗಾಬರಿಯಿಂದ ಬಾಗಿಲು ಮುಚ್ಚುವಷ್ಟರಲ್ಲಿ ಮೂರನೆಯ ಸಲ 'ಟಕ್' ಅಂತ ದಪ್ಪ ಸದ್ದು.

ಕಾಕಾ ಬಂದಾಗ ನನ್ನ ಮುಖ ನೋಡಿಯೇ ಗೊತ್ತಾಯಿತೋ ಏನೋ.

"ಬಾಗಿಲಾ ತಗದ್ಯಾ?"

"ಹೂಂ ಕಾಕಾ."

"ಎಷ್ಟಿತ್ತು?"

"ಇನ್ನೂರ ನಲವತ್ತು. ಸ್ವಲ್ಪವೇ ತೆಗೆದೆ. ಒಳಗೆ ಟಿಣ್ ಟಿಣ್ ಅಂತು..."

"ಅದು ಭರಣೀ ಸಪ್ಪಳ ಅಲ್ಲೋ ತಮ್ಮಾ, ನಿನ್ನ ಅವಸರದ ಸಪ್ಪಳ."

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಯಾಕೆ ಒಡೆಯಿತು ಅನ್ನುವುದನ್ನು ಚಹಾ ಕುಡಿಯುತ್ತಾ ಹೇಳಿದರು. ಮಣ್ಣಿನೊಳಗಿನ ಸಿಲಿಕಾ ಎಲ್ಲ ಕಾವಿನಲ್ಲೂ ಒಂದೇ ಅಳತೆಯಲ್ಲಿ ಇರುವುದಿಲ್ಲ. ಬೆಣಚು, ಅಂದರೆ ಕ್ವಾರ್ಟ್ಸ್, 573 ಡಿಗ್ರಿಯಲ್ಲಿ ಏರುವಾಗ ಥಟ್ಟನೆ ಹಿಗ್ಗುತ್ತದೆ, ಇಳಿಯುವಾಗ ಥಟ್ಟನೆ ಕುಗ್ಗುತ್ತದೆ. ಹೆಚ್ಚು ಕಾವು ಕಂಡ ಕೆಲವು ಮಣ್ಣುಗಳಲ್ಲಿ ಹುಟ್ಟುವ ಕ್ರಿಸ್ಟೋಬಲೈಟ್ ಎಂಬ ಇನ್ನೊಂದು ರೂಪದ ಸಿಲಿಕಾ 226 ಡಿಗ್ರಿಯ ಆಸುಪಾಸಿನಲ್ಲಿ ಹಾಗೇ ಮಾಡುತ್ತದೆ. ಇಡೀ ಪಾತ್ರೆ ಒಟ್ಟಿಗೆ ಕುಗ್ಗಿದರೆ ಅಪಾಯವಿಲ್ಲ. ಬಾಗಿಲ ಕಡೆಯ ಮಗ್ಗುಲು ಮೊದಲು ತಣಿದು ಕುಗ್ಗಿ, ಒಳಗಿನ ಮಗ್ಗುಲು ಇನ್ನೂ ಹಿಗ್ಗಿಯೇ ಇದ್ದರೆ ಪಾತ್ರೆ ಬಿರಿಯಲೇಬೇಕು. ನಾನು ಬಾಗಿಲು ತೆಗೆದದ್ದು 240ರಲ್ಲಿ, ಕಂಟಕದ ಹೊಸ್ತಿಲ ಮೇಲೆ ನಿಂತು. ಬಾಗಿಲ ಪಕ್ಕದ ಮೂರು ಭರಣಿ ಮೇಲಿಂದ ಕೆಳಗೆ ಸೀಳಿದ್ದವು. 'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಅನ್ನುತ್ತಾರಲ್ಲ, ನನ್ನ ಕೈಯಲ್ಲಿ ದೊಣ್ಣೆಯೂ ಇರಲಿಲ್ಲ.

ಮಧ್ಯಾಹ್ನ ಭಟ್ಟಿ ಕೈಗೆ ತಾಳುವಷ್ಟು ತಣಿದ ಮೇಲೆ ಉಳಿದ ಮೂವತ್ತಮೂರನ್ನು ಹೊರಗಿಟ್ಟೆವು. ಆಗ ಕಂಡದ್ದು ನಾನು ಮರೆಯಲಾರದ ನೋಟ. ಒಂದೇ ಭಟ್ಟಿ, ಒಂದೇ ಗ್ಲೇಜು, ಆದರೆ ಮೂರು ಅಂತಸ್ತಿನಲ್ಲಿ ಮೂರು ಅವಸ್ಥೆ. ಈ ಭಟ್ಟಿಯಲ್ಲಿ ಕೆಳಗೆ ಕಾವು ಕಡಿಮೆ, ಮೇಲೆ ಹೆಚ್ಚು.

ಕೆಳಗಿನ ಸಾಲಿನವುಗಳ ಮೈ ಸೀಮೆಸುಣ್ಣದಂತೆ ಬಿಳಚಿಕೊಂಡಿತ್ತು. ಉಗುರಿನಿಂದ ಕೆರೆದರೆ ಪುಡಿ ಬರಲಿಲ್ಲ, ಆದರೆ ಹೊಳಪೂ ಇಲ್ಲ. ಪುಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡಿವೆ, ಕರಗಿಲ್ಲ. ಒದ್ದೆ ಬೆರಳಿಟ್ಟರೆ ನೀರು ಹೀರುತ್ತದೆ. "ಇವು ಪುಣ್ಯವಂತರು" ಅಂದರು ಕಾಕಾ. ಇವಕ್ಕೆ ಏನೂ ಆಗಿಲ್ಲ, ಮತ್ತೆ ಸುಟ್ಟರೆ ಹೊಸದರಂತೆಯೇ ಬರುತ್ತವೆ. ಭಟ್ಟಿ ಇನ್ನೂ ಮುಂಚೆ, 600–700 ಡಿಗ್ರಿಗೇ ನಿಂತಿದ್ದರೆ ಗ್ಲೇಜು ಬರೀ ಪುಡಿಯಾಗಿಯೇ ಇರುತ್ತಿತ್ತು. ಆಗ ಮುಟ್ಟುವುದರಲ್ಲೇ ಎಚ್ಚರ ಬೇಕು. ಉದುರಿದಲ್ಲಿ ಬ್ರಷ್ಷಿನಿಂದ ತೇಪೆ ಹಾಕಿ ಸುಟ್ಟರಾಯಿತು.

ನಡುವಿನ ಸಾಲಿನವು ಮೊಟ್ಟೆಯ ಚಿಪ್ಪಿನಂತೆ ಮಂಕಾಗಿದ್ದವು. ಅಲ್ಲಲ್ಲಿ ಸೂಜಿಮೊನೆಯಂಥ ತೂತು, ಸಣ್ಣ ಗುಳ್ಳೆ. ಕರಗುವಾಗ ಗ್ಲೇಜಿನೊಳಗಿಂದ ಗಾಳಿ ಗುಳ್ಳೆಯಾಗಿ ಮೇಲೆ ಬರುತ್ತದೆ, ಪೂರ್ತಿ ಕರಗಿದ ಮೇಲೆ ಆ ಗಾಯ ತಾನೇ ಮುಚ್ಚಿಕೊಳ್ಳುತ್ತದೆ. ಇಲ್ಲಿ ಗುಳ್ಳೆ ಎದ್ದ ಹೊತ್ತಿಗೇ ಎಲ್ಲ ಹೆಪ್ಪುಗಟ್ಟಿತ್ತು. ನಾಲ್ಕೈದು ಭರಣಿಗಳಲ್ಲಿ ಗ್ಲೇಜು ಮುದುರಿಕೊಂಡು ಮಣ್ಣು ಬತ್ತಲೆಯಾಗಿ ಕಾಣುತ್ತಿತ್ತು. ಸತು ಹೆಚ್ಚಿರುವ ಬಿಳಿ ಗ್ಲೇಜಿಗೆ ಈ ಚಾಳಿ ಜಾಸ್ತಿಯಂತೆ.

ಮೇಲಿನ ಸಾಲು ನೋಡಿ ನಾನು ಕುಣಿದಾಡಿದೆ. ಹೊಳೆಯುತ್ತಿದ್ದವು! ಅಂಗಡಿಯಲ್ಲಿಟ್ಟರೆ ಯಾರೂ ಬೇಡ ಅನ್ನುವಂತಿರಲಿಲ್ಲ. "ಕಾಕಾ, ಇವನ್ನು ಇವತ್ತೇ ಮಾಸಿಗೆ ಕೊಟ್ಟುಬಿಡೋಣ, ಉಳಿದದ್ದನ್ನು ಆಮೇಲೆ ನೋಡೋಣ" ಅಂದೆ.

ಕಾಕಾ ಒಂದು ಭರಣಿ ಎತ್ತಿಕೊಂಡು ಬೆರಳ ಗೆಣ್ಣಿನಿಂದ ತಟ್ಟಿದರು. 'ಥಪ್'. "ಕಣ್ಣಿಗಿ ಬೆಂದೈತಿ, ಕಿವಿಗಿ ಬೆಂದಿಲ್ಲ" ಅಂದರು.

ಆಮೇಲೆ ಅವರು ಮಾಡಿದ ಮೂರು ಪರೀಕ್ಷೆಗಳನ್ನು ನೀವೂ ಮನೆಯಲ್ಲಿ ಮಾಡಿ ನೋಡಬಹುದು.

ಒಂದು, ತೂಕ. ಆ ಭರಣಿ ಒಣಗಿದ್ದಾಗ 820 ಗ್ರಾಂ. ಎರಡು ಗಂಟೆ ನೀರಿನಲ್ಲಿ ಕುದಿಸಿ, ರಾತ್ರಿಯೆಲ್ಲ ಅದೇ ನೀರಿನಲ್ಲಿ ಬಿಟ್ಟು, ಒರೆಸಿ ತೂಗಿದಾಗ 869. ಅಂದರೆ 49 ಗ್ರಾಂ ನೀರು ಕುಡಿದಿದೆ. 49ನ್ನು 820ರಿಂದ ಭಾಗಿಸಿ ನೂರರಿಂದ ಗುಣಿಸಿ. ಹತ್ತಿರ ಹತ್ತಿರ ನೂರಕ್ಕೆ 6. ಎರಡು ಮೂರರೊಳಗೆ ಇದ್ದರೆ ಕಾಕಾ ಒಪ್ಪುತ್ತಾರೆ. ಆರು ಅಂದರೆ ಒಳಮೈ ಇನ್ನೂ ಜಾಳು.

ಎರಡು, ಶಾಯಿ. ಗ್ಲೇಜಿಲ್ಲದ ತಳಕ್ಕೆ ಒಂದು ತೊಟ್ಟು ಶಾಯಿ ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯುವುದು. ಚೆನ್ನಾಗಿ ಬೆಂದಿದ್ದರೆ ಕಲೆ ಬಹುಮಟ್ಟಿಗೆ ಹೋಗುತ್ತದೆ. ನಮ್ಮದರಲ್ಲಿ ನೀಲಿ ಹೂವಿನಂತೆ ಹರಡಿ ಅಲ್ಲೇ ಉಳಿಯಿತು.

ಮೂರು, ನಿಂಬೆಹಣ್ಣು. ಹೊಳೆಯುವ ಕಂದು ಗ್ಲೇಜಿನ ಮೇಲೆ ಒಂದು ಹೋಳು ಇಟ್ಟು ರಾತ್ರಿ ಬಿಟ್ಟೆವು. ಬೆಳಿಗ್ಗೆ ಹೋಳು ತೆಗೆದರೆ ಅದರ ಕೆಳಗೆ ದುಂಡಗೆ, ಮಂಕು ಬಣ್ಣದ ಒಂದು ಗುರುತು. ಕೈಯಾಡಿಸಿದರೆ ತರಿತರಿ. ಹುಳಿ ಒಂದೇ ರಾತ್ರಿಯಲ್ಲಿ ಗ್ಲೇಜನ್ನು ತಿಂದಿತ್ತು!

"ನಿಂಬಿಹಣ್ಣು ಒಂದ ರಾತ್ರಿ ಇಟ್ಟರ ಹಿಂಗ. ಮಾವಿನಕಾಯಿ, ಉಪ್ಪು, ಸಾಸಿವಿ ವರ್ಷಗಟ್ಟಲೆ ಒಳಗ ಕುಂತ್ರ? ಮೆಲ್ಲಕ ತಿಂತೈತಿ. ಅದು ತಿಂದದ್ದು ಉಪ್ಪಿನಕಾಯಿಯೊಳಗ ಬರ್ತೈತಿ, ಉಪ್ಪಿನಕಾಯಿ ಮಂದಿ ಹೊಟ್ಟಿಯೊಳಗ ಹೋಗ್ತೈತಿ. ನಮ್ಮ ಗ್ಲೇಜಿನ್ಯಾಗ ಸೀಸಾ ಇಲ್ಲ ಖರೆ. ಆದ್ರೂ ಅರೆಬೆಂದದ್ದನ್ನ ಊಟದ ಸಾಮಾನಂತ ಕೊಡಾಕ ನನ್ನ ಕೈ ಬರೂದಿಲ್ಲ."

ನಾನು ಸುಮ್ಮನಾದೆ. ಬಿಳಚಿಕೊಂಡ ಭರಣಿಗಳು ತಮ್ಮ ಅವಸ್ಥೆಯನ್ನು ತಾವೇ ಹೇಳಿಕೊಳ್ಳುತ್ತಿದ್ದವು, ಅವುಗಳಿಂದ ಯಾರಿಗೂ ಮೋಸವಾಗುವಂತಿರಲಿಲ್ಲ. ಮೋಸ ಇದ್ದದ್ದು ಹೊಳೆಯುವ ಹನ್ನೆರಡರಲ್ಲಿ. ಇನ್ನೂ ಒಂದು ಮಾತು ಸೇರಿಸಬೇಕು. ಮನೆಯ ಈ ಪರೀಕ್ಷೆಯಲ್ಲಿ ಸೋತ ಪಾತ್ರೆ ಕೆಟ್ಟದ್ದೆಂದು ಖಂಡಿತ ಹೇಳಬಹುದು. ಗೆದ್ದದ್ದೆಲ್ಲ ಒಳ್ಳೆಯದೆಂದು ಹೇಳಲಾಗದು. ಸೀಸ, ಕ್ಯಾಡ್ಮಿಯಮ್ ಇರುವ ಬಣ್ಣ ಬಳಸಿದ್ದರೆ ಪ್ರಯೋಗಾಲಯವೇ ಹೇಳಬೇಕು.

ಇನ್ನು ಉಪಚಾರ. ತಟ್ಟಿ, ಕುದಿಸಿ, ನಿಂಬೆ ಇಟ್ಟು ನೋಡಿದ ಒಂದು ಭರಣಿಯನ್ನು ಬದಿಗಿಟ್ಟು ಮೂವತ್ತೆರಡನ್ನು ಕೈಗೆತ್ತಿಕೊಂಡೆವು. ಗುಳ್ಳೆಗಳನ್ನು ಕಾರ್ಬೊರಂಡಮ್ ಕಲ್ಲಿನಿಂದ ನೀರು ಹಾಕಿಕೊಂಡೇ ಉಜ್ಜಿದೆವು. ಒಣಗಿದ್ದಾಗ ಉಜ್ಜಿದರೆ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಶತ್ರು, ಆದ್ದರಿಂದ ಮೂಗಿಗೆ ಮಾಸ್ಕ್ ಕಡ್ಡಾಯ. ಗ್ಲೇಜು ಮುದುರಿದ ಕಡೆ ಹೊಸ ಗ್ಲೇಜು ಹಚ್ಚಬೇಕಿತ್ತು. ಆದರೆ ಅರೆಗಾಜಾದ ಮೈ ಬಿಸ್ಕಿಟ್ಟಿನಂತೆ ನೀರು ಹೀರುವುದಿಲ್ಲ, ಕೆಸುವಿನೆಲೆಯ ಮೇಲಿನ ನೀರಿನಂತೆ ಗ್ಲೇಜು ಜಾರಿಹೋಗುತ್ತದೆ. ಅದಕ್ಕೆ ಎರಡು ಉಪಾಯ. ಪಾತ್ರೆಯನ್ನು ಎಂಬತ್ತು ತೊಂಬತ್ತು ಡಿಗ್ರಿಗೆ ಬಿಸಿಮಾಡುವುದು ಮತ್ತು ಗ್ಲೇಜಿನ ನೀರು ಬಸಿದು ಮಂದ ಮಾಡಿ ಸ್ವಲ್ಪ ಗೋಂದು ಬೆರೆಸುವುದು. ಬಿಸಿಮೈಗೆ ಬಿದ್ದ ಗ್ಲೇಜಿನ ನೀರು ಆಗಲೇ ಆರುತ್ತದೆ, ಪುಡಿ ಅಲ್ಲೇ ಕೂರುತ್ತದೆ. ತೆಳ್ಳಗೆ ಎರಡು ಸಲ ಹಚ್ಚುವುದು ಲೇಸು. ದಪ್ಪಗೆ ಒಮ್ಮೆ ಬಳಿದರೆ ಮತ್ತೆ ಮುದುರುತ್ತದೆ. ಕೊನೆಗೆ ಪ್ರತಿಯೊಂದರ ತಳವನ್ನೂ ಒದ್ದೆ ಸ್ಪಂಜಿನಿಂದ ಒರೆಸಿ, ಭಟ್ಟಿಯ ಹಲಗೆಗಳಿಗೆ ಅಲ್ಯುಮಿನಾ, ಚೀನಾ ಕ್ಲೇ ಕಲಸಿದ ನೀರನ್ನು ಬಳಿದೆವು, ಸುರಿದ ಗ್ಲೇಜು ಅಂಟದಿರಲೆಂದು.

ಜೋಡಿಸುವಾಗ ಕಾಕಾ ಅಂತಸ್ತು ಬದಲಿಸಿದರು. ಬಿಳಚಿಕೊಂಡ ಕೆಳಗಿನವು ಈಗ ಮೇಲಕ್ಕೆ, ಹೊಳೆಯುವ ಮೇಲಿನವು ಕೆಳಕ್ಕೆ. ಆಗಲೇ ಹೆಚ್ಚು ಕಾವು ಉಂಡವಕ್ಕೆ ಈ ಸಲ ಕಡಿಮೆ ಬಡಿಸಬೇಕು. ಇಲ್ಲದಿದ್ದರೆ ಗ್ಲೇಜು ಸುರಿದುಹೋಗುತ್ತದೆ, ಮೈ ಊದಿಕೊಳ್ಳುತ್ತದೆ. ಹಳೆಯ ಕೋನ್‌ಗಳು ಇನ್ನೂ ನೆಟ್ಟಗೇ ಇದ್ದವು. ಅವನ್ನೇ ಇಡೋಣವೆ ಎಂದು ಕೇಳಿದೆ. "ಒಮ್ಮೆ ಸಾಕ್ಷಿ ಹೇಳಾಕ ನಿಂತವರ ನೆನಪು ಕಲಬೆರಕಿ ಆಗಿರ್ತೈತಿ. ಹೊಸಾ ಸಾಕ್ಷಿ ಕರಿ" ಅಂದರು. ನಿಜವೇ. ಒಮ್ಮೆ ಅರೆಬೆಂದು ತಣಿದ ಕೋನ್ ಎರಡನೇ ಸಲ ಸರಿಯಾದ ಹೊತ್ತಿಗೆ ಬಾಗುತ್ತದೆಂಬ ಭರವಸೆಯಿಲ್ಲ.

ಫೇಸು ಸರಿಹೋದ ಮೇಲೆ, ಬೆಳಗಿನ ಜಾವ ನಾಲ್ಕಕ್ಕೆ ಭಟ್ಟಿ ಹಾಕಿದೆವು. 600 ಡಿಗ್ರಿಯವರೆಗೆ ಗಂಟೆಗೆ ಅರವತ್ತೇ ಡಿಗ್ರಿ. ಬಿಸ್ಕಿಟ್ ಪಾತ್ರೆಗಿಂತ ಅರ್ಧ ಗಟ್ಟಿಯಾದ ಪಾತ್ರೆ ಕಾವಿನ ಪೆಟ್ಟಿಗೆ ಬೇಗ ಬಿರಿಯುತ್ತದೆ. 226, 573 ಎಂಬ ಎರಡು ಹೊಸ್ತಿಲುಗಳನ್ನು ಮೆಲ್ಲಗೆ ದಾಟಿಸಬೇಕು. ಅಲ್ಲಿಂದ 1,100ರವರೆಗೆ ಗಂಟೆಗೆ ನೂರೈವತ್ತು. ಕೊನೆಗೆ ಮತ್ತೆ ನಿಧಾನ, ಗಂಟೆಗೆ ಅರವತ್ತು. ಸಂಜೆ ಆರೂ ಮುಕ್ಕಾಲಿಗೆ ಆರನೇ ನಂಬರಿನ ಕೋನ್ ನಮಸ್ಕಾರ ಮಾಡುವಂತೆ ಬಾಗಿತು. ಹದಿನೈದು ನಿಮಿಷ ಅದೇ ಕಾವಿನಲ್ಲಿ ಹಿಡಿದು, ಗುಳ್ಳೆಗಳ ಬಾಯಿ ಮುಚ್ಚಿಕೊಳ್ಳಲು ಬಿಟ್ಟು, ಏಳಕ್ಕೆ ಸ್ವಿಚ್ ಇಳಿಸಿದೆವು.

ಆಮೇಲೆ ಎರಡು ರಾತ್ರಿ, ಒಂದು ಹಗಲು. ಕಾಕಾ ಭಟ್ಟಿಯ ಬಾಗಿಲಿಗೆ ಬೀಗ ಹಾಕಲಿಲ್ಲ. ಚಿಲಕದ ಮೇಲೆ ನನ್ನದೇ ಟವೆಲ್ಲು ಕಟ್ಟಿ ಮನೆಗೆ ಹೋದರು. ನಾನು ಅಲ್ಲೇ ಕೂತೆ. ಈ ಸಲ ಮುಟ್ಟಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ತೆಗೆದೆವು. ಮೂವತ್ತೆರಡರಲ್ಲಿ ಇಪ್ಪತ್ತೇಳು ಸೊಗಸಾಗಿದ್ದವು. ಮೂರರಲ್ಲಿ ಗುಳ್ಳೆ ಉಳಿದಿತ್ತು, ಎರಡರ ತಳ ಬಿರಿದಿತ್ತು. ಕಾಕಾ ಒಂದನ್ನು ಎತ್ತಿ ತಟ್ಟಿದರು. 'ಟಿಣ್...' ಎಂದು ಎಳೆ ಎಳೆಯಾಗಿ ಹೊರಟ ಆ ನಾದಕ್ಕೆ ಗುಂಡಯ್ಯನ ಶಿವ ಕುಣಿದಿದ್ದರೆ ಆಶ್ಚರ್ಯವಿಲ್ಲ, ನನಗೇ ಕುಣಿಯಬೇಕೆನ್ನಿಸಿತ್ತು. ನಾದವನ್ನು ನಂಬಿ ಕಾಕಾ ಸುಮ್ಮನಾಗಲಿಲ್ಲ. ಮತ್ತೆ ತಕ್ಕಡಿ, ಮತ್ತೆ ನಿಂಬೆಹಣ್ಣು. ಒಣಗಿದ್ದಾಗ 815, ಕುದಿಸಿದ ಮೇಲೆ 831, ಅಂದರೆ ನೂರಕ್ಕೆ ಎರಡಕ್ಕಿಂತ ಒಂದು ಕೂದಲೆಳೆ ಕಡಿಮೆ. ನಿಂಬೆಹಣ್ಣು ಬೆಳಿಗ್ಗೆ ಒಣಗಿ ಬಿದ್ದಿತ್ತು, ಗ್ಲೇಜಿನ ಮೇಲೆ ಒಂದು ಗುರುತೂ ಇರಲಿಲ್ಲ.

ಮಾಸಿ ಬಂದರು. ಮೂವತ್ತು ಕೇಳಿದವರಿಗೆ ಇಪ್ಪತ್ತೇಳು. ಗುಳ್ಳೆ ಉಳಿದ ಮೂರನ್ನು ಸೇರಿಸಿದರೆ ಲೆಕ್ಕ ಸರಿಯಾಗಿಯೇ ಮೂವತ್ತಾಗುತ್ತಿತ್ತು ಎಂಬುದು ನನಗೂ ಹೊಳೆದಿತ್ತು, ಕಾಕಾಗೂ ಹೊಳೆದಿತ್ತು. ಅವರು ಆ ಮೂರನ್ನು ಅಂಗಳಕ್ಕೆ ಒಯ್ದು ಮಣ್ಣು ತುಂಬಿಸಿ ತುಳಸಿ ನೆಟ್ಟರು. ಮಾಸಿಗೆ ನಡೆದದ್ದನ್ನೆಲ್ಲ ಹೇಳಿ, ಉಳಿದ ಮೂರನ್ನು ಮುಂದಿನ ಭಟ್ಟಿಯಲ್ಲಿ ಕೊಡುವುದಾಗಿ ಒಪ್ಪಿಸಿದರು. ಮಾಸಿ ನಕ್ಕು, ಇಪ್ಪತ್ತೇಳಕ್ಕಾಗುವಷ್ಟೇ ಮಾವಿನಕಾಯಿ ಹೆಚ್ಚುತ್ತೇನೆ ಅಂದರು.

ಮಿತ್ರರೆ, ಭಟ್ಟಿ ಅರ್ಧಕ್ಕೆ ನಿಂತಿತೆಂದು ಪಾತ್ರೆ ಹಾಳಾಗುವುದು ಕಡಿಮೆ. ಆ ಮೂವತ್ತಾರರಲ್ಲಿ ಕರೆಂಟು ಹೋಗಿದ್ದರಿಂದ ನೇರವಾಗಿ ಒಡೆದದ್ದು ಒಂದೂ ಇಲ್ಲ. ಮೂರು ಒಡೆದದ್ದು ನನ್ನ ಅವಸರದಿಂದ. ಇನ್ನೂ ಹನ್ನೆರಡು ಹೊಳಪಿನ ಆಸೆಗೆ ಬಿದ್ದು ಯಾರದೋ ಊಟದ ತಟ್ಟೆಗೆ ಹೋಗುವುದರಲ್ಲಿದ್ದವು. ಭಟ್ಟಿ ನಿಂತರೆ ಮೇನ್ ಇಳಿಸಿ, ಕಿಂಡಿ ಮುಚ್ಚಿ, ಚೀಟಿ ಬರೆಯಿರಿ. ತಣಿಯುವವರೆಗೆ ಕೈ ಕಟ್ಟಿ ಕೂತಿರಿ. ಎಲ್ಲಿಯವರೆಗೆ ಬೆಂದಿದೆ ಎಂದು ಪರೀಕ್ಷಿಸಿ, ಮತ್ತೆ ಮೊದಲಿನಿಂದ ಮೆಲ್ಲಗೆ ಬೇಯಿಸಿ.

ನಿಂಬೆಹಣ್ಣಿನ ಗುರುತು ಬಿದ್ದ ಆ ಭರಣಿ ಈಗ ನನ್ನ ಮೇಜಿನ ಮೇಲಿದೆ, ಪೆನ್ನು ಪೆನ್ಸಿಲ್ ಹಾಕಿಡಲು. ಈ ಲೇಖನ ಬರೆದು ಮುಗಿಸಿ ಅದನ್ನೊಮ್ಮೆ ತಟ್ಟಿ ನೋಡಿದೆ. ಈಗಲೂ 'ಥಪ್' ಅನ್ನುತ್ತದೆ.